ಕ್ಯಾಡ್ ನಕ್ಷೆಯಲ್ಲಿ ಅಳತೆ ಗೆರೆಗಳ ಅಚ್ಚುಕಟ್ಟು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಿಂದ ಶಿಕ್ಷಣದ ಮಹತ್ವ, ಶಿಸ್ತು, ಜೀವನದ ಗುರಿ ಮುಂತಾದ ದೊಡ್ಡ ವಿಷಯಗಳ ಬಗ್ಗೆ ಒಳ್ಳೆಯ ಮಾತುಗಳನ್ನು ಕೇಳುತ್ತ ಬಂದಿದ್ದೀರಿ. ಇವತ್ತು ನಾನು ಆರಿಸಿಕೊಂಡಿರುವುದು ತೀರಾ ಸಣ್ಣ ವಿಷಯ. ಎಷ್ಟು ಸಣ್ಣದೆಂದರೆ ಕಾಗದದ ಮೇಲೆ ಅದರ ದಪ್ಪ ಕಾಲು ಮಿಲಿಮೀಟರ್ ಮಾತ್ರ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯಲ್ಲಿ ನಾವು ಹಾಕುವ ಅಳತೆ ಗೆರೆ, ಅಂದರೆ ಡೈಮೆನ್ಷನ್ ಲೈನ್, ಅದನ್ನು ಅಚ್ಚುಕಟ್ಟಾಗಿ ಇಡುವುದು ಹೇಗೆ, ಯಾಕೆ ಎಂಬುದೇ ನನ್ನ ಮಾತಿನ ವಿಷಯ.

ಇಲ್ಲಿ ಕುಳಿತವರಲ್ಲಿ ಅನೇಕರು ಪಾಲಿಟೆಕ್ನಿಕ್, ಐಟಿಐ, ಎಂಜಿನಿಯರಿಂಗ್ ಓದುತ್ತಿದ್ದೀರಿ. ಇನ್ನು ಕೆಲವರು ಎಸ್‌ಎಸ್‌ಎಲ್‌ಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿದ್ದೀರಿ. ಪೋಷಕರಲ್ಲಿ ಲೇತ್ ಮೇಲೆ ಕೆಲಸ ಮಾಡಿದವರಿದ್ದೀರಿ, ವೆಲ್ಡಿಂಗ್ ಮಾಡಿದವರಿದ್ದೀರಿ, ಗಾರೆ ಕೆಲಸದ ಮೇಸ್ತ್ರಿಗಳಿದ್ದೀರಿ. ನಕ್ಷೆ ಬರೆಯುವವರು ಒಂದು ಕಡೆ, ನಕ್ಷೆ ನೋಡಿ ಕೆಲಸ ಮಾಡುವವರು ಇನ್ನೊಂದು ಕಡೆ. ಈ ಸಭೆಯಲ್ಲಿ ಇಬ್ಬರೂ ಇರುವುದರಿಂದಲೇ ಈ ವಿಷಯವನ್ನು ಇಲ್ಲಿ ಮಾತಾಡಬೇಕೆನಿಸಿತು.

ಓದುವವನು ಯಾರು?

ನಮ್ಮ ಜಿಲ್ಲೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕಂಡ ಪ್ರಸಂಗವೊಂದನ್ನು ಹೇಳುತ್ತೇನೆ. ಎರಕದ ಒಂದು ಬುಷ್‌ಗೆ ಒಳಗಿನ ತೂತನ್ನು ಲೇತ್‌ನಲ್ಲಿ ಬೋರ್ ಮಾಡಬೇಕಾಗಿತ್ತು. ನಕ್ಷೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಕಂಪ್ಯೂಟರಿನಲ್ಲಿ ಬರೆದು ಪ್ರಿಂಟ್ ತೆಗೆದಿದ್ದ. ಹಿರಿಯ ಟರ್ನರ್ ಒಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಯಂತ್ರ ನಿಲ್ಲಿಸಿ ಹುಡುಗನನ್ನು ಕರೆದರು.

"ಇದು 36 ಇದೆಯೋ, 38 ಇದೆಯೋ, ಸ್ವಲ್ಪ ನೋಡಿ ಹೇಳು ಮಗಾ."

"36 ಚಾಚಾ. ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ."

"ಕಂಪ್ಯೂಟರ್ ಸರಿಯಾಗಿಯೇ ಬರೆದಿರಬಹುದು. ಆದರೆ ಓದಬೇಕಾದವನು ನಾನಲ್ಲವಾ?"

ಆಗಿದ್ದಿಷ್ಟೇ. ಇನ್ನೊಂದು ಅಳತೆಯ ಎಕ್ಸ್‌ಟೆನ್ಷನ್ ಗೆರೆ ನೇರವಾಗಿ ಆ ಅಂಕಿಯ ಮೇಲೆಯೇ ಹಾದುಹೋಗಿತ್ತು. 6 ಎಂಬ ಅಂಕಿಯ ತೆರೆದ ಭಾಗವನ್ನು ಆ ಗೆರೆ ಮುಚ್ಚಿದ್ದರಿಂದ ಅದು 8ರಂತೆ ಕಾಣುತ್ತಿತ್ತು. ಹಿರಿಯರು ಕೇಳಿದ್ದರಿಂದ ಕೆಲಸ ಉಳಿಯಿತು. ಕೇಳದೆ 38ಕ್ಕೆ ಬೋರ್ ಮಾಡಿದ್ದರೆ ಆ ಬುಷ್ ಗುಜರಿಗೆ ಹೋಗುತ್ತಿತ್ತು. ತೂತು ಸಣ್ಣದಾದರೆ ಮತ್ತೆ ಹಿಗ್ಗಿಸಬಹುದು. ದೊಡ್ಡದಾದರೆ ತೆಗೆದ ಲೋಹವನ್ನು ವಾಪಸು ಅಂಟಿಸಲು ಬರುವುದಿಲ್ಲ.

ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ನೀವು ನಕ್ಷೆ ಬರೆಯುವುದು ಕಂಪ್ಯೂಟರಿಗಾಗಿ ಅಲ್ಲ, ಪರೀಕ್ಷೆಯ ಅಂಕಕ್ಕಾಗಿಯೂ ಅಲ್ಲ. ಎಣ್ಣೆ ಕೈಯಲ್ಲಿ, ಮಂದ ಬೆಳಕಿನಲ್ಲಿ, ಯಂತ್ರದ ಪಕ್ಕ ನಿಂತು ಅದನ್ನು ಓದುವವರಿಗಾಗಿ. ಅವರಿಗೆ ನಿಮ್ಮ ಪರದೆಯಂತೆ ಹಿಗ್ಗಿಸಿ ನೋಡುವ ಸೌಲಭ್ಯ ಇಲ್ಲ. ಅವರ ಹತ್ತಿರ ಇರುವುದು ಒಂದು ಹಾಳೆ, ಅಥವಾ ಈಗಿನ ಕಾಲದಲ್ಲಿ ಮೊಬೈಲಿಗೆ ಬಂದ ಒಂದು ಫೋಟೊ.

ಭದ್ರಾವತಿಯ ಮಣ್ಣಿನಲ್ಲಿ ನಕ್ಷೆಯ ಕೆಲಸ

ನಕ್ಷೆ ಓದುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಸೇರಿ ಅಲ್ಲಿ ಕಬ್ಬಿಣವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದು ಕಾರ್ಖಾನೆಯನ್ನು ನಿಲ್ಲಿಸಿದರು. ಮುಂದೆ ಅವರ ಹೆಸರೇ ಕಾರ್ಖಾನೆಗೆ ಬಂತು. ಅದರ ಬೆನ್ನಿಗೆ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡು ಕಾರ್ಖಾನೆಗಳ ಜೊತೆಯಲ್ಲಿ ಫಿಟ್ಟರ್, ಟರ್ನರ್, ಮೋಲ್ಡರ್, ಪ್ಯಾಟರ್ನ್ ಮಾಡುವ ಬಡಗಿ, ಡ್ರಾಫ್ಟ್ಸ್‌ಮನ್ ಹೀಗೆ ನಾನಾ ಕಸಬುಗಳು ನಮ್ಮ ಮನೆಗಳಿಗೆ ಬಂದವು. ಶಿವಮೊಗ್ಗ ಮತ್ತು ಭದ್ರಾವತಿ ನಡುವೆ ಬಿ.ಎಚ್. ರಸ್ತೆಯಲ್ಲಿರುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇವತ್ತು ಫೌಂಡ್ರಿಗಳೂ ಮಷೀನ್ ಶಾಪುಗಳೂ ಇವೆ ಎಂದರೆ ಅದಕ್ಕೆ ಈ ಹಳೆಯ ಕಸಬಿನ ಹಿನ್ನೆಲೆಯೂ ಇದೆ.

ಆ ಕಾಲದ ಡ್ರಾಫ್ಟ್ಸ್‌ಮನ್ ದೊಡ್ಡ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು, ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಗೆರೆ ಎಳೆಯುತ್ತಿದ್ದ. ಒಂದು ಅಳತೆಯನ್ನು ತಪ್ಪು ಜಾಗದಲ್ಲಿ ಹಾಕಿದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕಿತ್ತು. ಹೀಗಾಗಿ ಗೆರೆ ಎಳೆಯುವ ಮೊದಲು ಯೋಚಿಸುತ್ತಿದ್ದ: ಯಾವ ಅಳತೆ ಎಲ್ಲಿ ಬರಬೇಕು, ಯಾವುದು ಒಳಗೆ, ಯಾವುದು ಹೊರಗೆ? ಆಟೋಡೆಸ್ಕ್ ಸಂಸ್ಥೆಯ ಆಟೋಕ್ಯಾಡ್ 1982ರಲ್ಲಿ ಬಂತು. ಕ್ರಮೇಣ ಬೋರ್ಡುಗಳು ಮೂಲೆ ಸೇರಿದವು. ಈಗ ಎರಡು ಕಡೆ ಕ್ಲಿಕ್ ಮಾಡಿದರೆ ಗೆರೆ, ಬಾಣ, ಅಂಕಿ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಸುಲಭವಾಗಿದ್ದು ಒಳ್ಳೆಯದೇ. ಆದರೆ ಸುಲಭವಾದ ಕಾರಣ ಯೋಚನೆ ಕಡಿಮೆಯಾಯಿತು. ಹತ್ತು ಅಳತೆ ಸಾಕಾಗುವ ಕಡೆ ಇಪ್ಪತ್ತು ಬರುತ್ತವೆ, ಒಂದರ ಮೇಲೊಂದು ಬೀಳುತ್ತವೆ.

ಅಚ್ಚುಕಟ್ಟಿನ ನಿಯಮಗಳು

ಅಳತೆ ಹಾಕುವುದಕ್ಕೆ ನಮ್ಮ ದೇಶದಲ್ಲಿ ಲಿಖಿತ ಪದ್ಧತಿ ಇದೆ. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗಾಗಿಯೇ ಎಸ್‌ಪಿ 46 ಎಂಬ ಕೈಪಿಡಿಯನ್ನು 1988ರಲ್ಲಿ ಹೊರತಂದು 2003ರಲ್ಲಿ ಪರಿಷ್ಕರಿಸಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಐಎಸ್‌ಒ 129 ಇದೆ. ಎಲ್ಲವನ್ನೂ ಇಲ್ಲಿ ಓದುವುದಿಲ್ಲ. ದಿನನಿತ್ಯ ಬೇಕಾಗುವ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಸಣ್ಣ ಅಳತೆ ವಸ್ತುವಿನ ಹತ್ತಿರ, ದೊಡ್ಡ ಅಳತೆ ದೂರ. ಒಟ್ಟು ಉದ್ದದ ಅಳತೆ ಎಲ್ಲಕ್ಕಿಂತ ಹೊರಗೆ ಇರಬೇಕು. ಇದನ್ನು ತಿರುಗಿಸಿ ಹಾಕಿದರೆ ಸಣ್ಣ ಅಳತೆಯ ಎಕ್ಸ್‌ಟೆನ್ಷನ್ ಗೆರೆಗಳು ದೊಡ್ಡ ಅಳತೆಯ ಗೆರೆಯನ್ನು ದಾಟಲೇಬೇಕಾಗುತ್ತದೆ. ಎಕ್ಸ್‌ಟೆನ್ಷನ್ ಗೆರೆಗಳು ಒಂದನ್ನೊಂದು ದಾಟಿದರೆ ಅನಿವಾರ್ಯವಾದಲ್ಲಿ ಒಪ್ಪಬಹುದು. ಅಳತೆ ಗೆರೆಯನ್ನು ಯಾವುದೂ ದಾಟದಂತೆ ನೋಡಿಕೊಳ್ಳಬೇಕು.

ಎರಡನೆಯದು, ಅಂತರ. ನಮ್ಮ ಪಠ್ಯಪುಸ್ತಕಗಳು ವಸ್ತುವಿನ ಅಂಚಿಗೂ ಮೊದಲ ಅಳತೆ ಗೆರೆಗೂ, ಒಂದು ಅಳತೆ ಗೆರೆಗೂ ಇನ್ನೊಂದಕ್ಕೂ ಕನಿಷ್ಠ 8 ಮಿ.ಮೀ. ಬಿಡಿ ಎನ್ನುತ್ತವೆ. ಅಮೆರಿಕದ ಪದ್ಧತಿಯಲ್ಲಿ ಮೊದಲ ಗೆರೆಗೆ ಕನಿಷ್ಠ 10, ನಂತರದವಕ್ಕೆ ಕನಿಷ್ಠ 6 ಮಿ.ಮೀ. ಯಾವುದನ್ನು ಅನುಸರಿಸಿದರೂ ಒಂದು ನಕ್ಷೆಯಲ್ಲಿ ಒಂದೇ ಪದ್ಧತಿ ಇರಲಿ. ಒಂದು ಕಡೆ 8, ಇನ್ನೊಂದು ಕಡೆ 5, ಮತ್ತೊಂದು ಕಡೆ 13 ಆದರೆ ಕಣ್ಣು ತಡವರಿಸುತ್ತದೆ.

ಮೂರನೆಯದು, ಒಂದು ಅಳತೆ ಒಂದೇ ಸಲ. ಮುಂಭಾಗದ ನೋಟದಲ್ಲಿ ಕೊಟ್ಟಿದ್ದನ್ನು ಮೇಲಿನ ನೋಟದಲ್ಲಿ ಮತ್ತೆ ಕೊಡಬಾರದು. ಮುಂದೆ ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೆ ನಕ್ಷೆಯಲ್ಲಿ ಎರಡು ಸತ್ಯಗಳು ಉಳಿದುಬಿಡುತ್ತವೆ.

ನಾಲ್ಕನೆಯದು, ಕಾಣದ ಅಂಚನ್ನು ತೋರಿಸುವ ತುಂಡು ಗೆರೆಗೆ ಸಾಧ್ಯವಾದಷ್ಟು ಅಳತೆ ಹಾಕಬೇಡಿ. ಆ ಆಕಾರ ಸ್ಪಷ್ಟವಾಗಿ ಕಾಣುವ ನೋಟದಲ್ಲೋ ಸೆಕ್ಷನ್‌ನಲ್ಲೋ ಹಾಕಿ. ಮಧ್ಯರೇಖೆಯನ್ನು ಅಳತೆ ಗೆರೆಯಾಗಿ ಬಳಸಬೇಡಿ. ಅದನ್ನು ಹೊರಗೆ ಚಾಚಿ ಎಕ್ಸ್‌ಟೆನ್ಷನ್ ಗೆರೆಯಾಗಿ ಬಳಸುವುದಕ್ಕೆ ಅಡ್ಡಿಯಿಲ್ಲ.

ಐದನೆಯದು, ದಪ್ಪ ಮತ್ತು ತೆಳು. ವಸ್ತುವಿನ ಗೆರೆ 0.5 ಮಿ.ಮೀ. ಇದ್ದರೆ ಅಳತೆ ಗೆರೆ 0.25 ಇರಲಿ. ಎರಡೂ ಒಂದೇ ದಪ್ಪವಾದರೆ ವಸ್ತು ಯಾವುದು, ಅಳತೆ ಯಾವುದು ಎಂದೇ ತಿಳಿಯುವುದಿಲ್ಲ.

ಅಂಕಿಗಳು ಹಾಳೆಯ ಕೆಳಗಿನಿಂದ ಅಥವಾ ಬಲಗಡೆಯಿಂದ ಓದುವಂತೆ ಇರಬೇಕು. ತಲೆಕೆಳಗಾದ ಅಂಕಿ ಎಲ್ಲೂ ಇರಬಾರದು. 66 ಎಂದು ಬರೆದಿದ್ದು 99 ಆಗುವುದು ಹಾಗೆಯೇ.

ಕಂಪ್ಯೂಟರಿಗೆ ಹೇಳಿಕೊಡುವುದು ಹೇಗೆ?

ಈಗ ಕಂಪ್ಯೂಟರಿಗೆ ಬರೋಣ. ಆಟೋಕ್ಯಾಡ್‌ನಲ್ಲಿ ಮೆಟ್ರಿಕ್ ನಕ್ಷೆ ತೆರೆದರೆ ಐಎಸ್‌ಒ-25 ಎಂಬ ಡೈಮೆನ್ಷನ್ ಸ್ಟೈಲ್ ಸಿಗುತ್ತದೆ. ಅದರಲ್ಲಿ ಅಂಕಿಯ ಎತ್ತರ 2.5 ಮಿ.ಮೀ., ಬಾಣ 2.5, ಬೇಸ್‌ಲೈನ್ ಅಂತರ 3.75. ಒಂದು ಲೆಕ್ಕ ಮಾಡಿ ನೋಡಿ. ಗೆರೆಯ ಮೇಲೆ 0.625 ಬಿಟ್ಟು 2.5 ಎತ್ತರದ ಅಂಕಿ ಕೂರುತ್ತದೆ, ಅಂದರೆ 3.125. ಮೇಲಿನ ಗೆರೆಗೆ ಉಳಿಯುವ ಜಾಗ ಕೇವಲ 0.625 ಮಿ.ಮೀ. ಅಂಕಿ ಎರಡು ಗೆರೆಗಳ ನಡುವೆ ಬಸ್ಸಿನಲ್ಲಿ ಸಿಕ್ಕಿಕೊಂಡ ಪ್ರಯಾಣಿಕನಂತೆ ಆಗುತ್ತದೆ. ಆದ್ದರಿಂದ ಮೊದಲ ಕೆಲಸ, ಡಿಮ್‌ಸ್ಟೈಲ್ ಆಜ್ಞೆ ಕೊಟ್ಟು ನಿಮ್ಮದೇ ಹೆಸರಿನ ಒಂದು ಸ್ಟೈಲ್ ಮಾಡಿ ಬೇಸ್‌ಲೈನ್ ಅಂತರವನ್ನು 8 ಎಂದು ಬದಲಾಯಿಸಿ. ಅದನ್ನು ಟೆಂಪ್ಲೇಟ್ ಫೈಲಿನಲ್ಲಿ ಉಳಿಸಿಟ್ಟರೆ ಪ್ರತಿ ಸಲ ಮಾಡುವ ಕೆಲಸ ತಪ್ಪುತ್ತದೆ.

ಎರಡನೆಯದು ಸ್ಕೇಲ್. ಇಲ್ಲಿ ಹೊಸಬರು ಗೊಂದಲಕ್ಕೆ ಬೀಳುವುದು ಹೆಚ್ಚು. ಕ್ಯಾಡ್‌ನಲ್ಲಿ ವಸ್ತುವನ್ನು ನಿಜ ಅಳತೆಯಲ್ಲೇ ಬರೆಯುತ್ತೇವೆ, ಪ್ರಿಂಟ್ ತೆಗೆಯುವಾಗ ಕುಗ್ಗಿಸುತ್ತೇವೆ. ಮನೆಯ ನಕ್ಷೆಯನ್ನು 1:50ರಲ್ಲಿ ಪ್ರಿಂಟ್ ತೆಗೆಯುವುದಾದರೆ ಕಾಗದದ ಮೇಲೆ 2.5 ಮಿ.ಮೀ. ಕಾಣಬೇಕಾದ ಅಂಕಿ ನಕ್ಷೆಯೊಳಗೆ 125 ಮಿ.ಮೀ. ಎತ್ತರ ಇರಬೇಕು. ಸ್ಟೈಲಿನಲ್ಲಿ ಓವರ್‌ಆಲ್ ಸ್ಕೇಲ್ ಎಂಬಲ್ಲಿ 50 ಎಂದು ಕೊಟ್ಟರೆ ಅಂಕಿ, ಬಾಣ, ಅಂತರ ಮೂರೂ ಒಟ್ಟಿಗೆ ಹಿಗ್ಗುತ್ತವೆ. ಒಂದೊಂದು ಅಳತೆಯ ಅಂಕಿಯನ್ನು ಪ್ರತ್ಯೇಕವಾಗಿ ಹಿಗ್ಗಿಸುತ್ತ ಕೂರಬೇಡಿ. ಒಂದೇ ನಕ್ಷೆ ಹಲವು ಸ್ಕೇಲ್‌ಗಳಲ್ಲಿ ಪ್ರಿಂಟ್ ಆಗಬೇಕಿದ್ದರೆ 2008ರ ಆವೃತ್ತಿಯಿಂದ ಬಂದಿರುವ ಅನೊಟೇಟಿವ್ ಸೌಲಭ್ಯವನ್ನು ಕಲಿಯಿರಿ.

ಅದೇ ಆವೃತ್ತಿಯಲ್ಲಿ ಬಂದ ಇನ್ನೆರಡು ಆಜ್ಞೆಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು ಡಿಮ್‌ಸ್ಪೇಸ್. ಅಡ್ಡಾದಿಡ್ಡಿಯಾಗಿ ಬಿದ್ದಿರುವ ಸಮಾನಾಂತರ ಅಳತೆಗಳಲ್ಲಿ ಮೊದಲನೆಯದನ್ನು ಆರಿಸಿ, ಉಳಿದವನ್ನು ಆರಿಸಿ, ಅಂತರ ಕೊಟ್ಟರೆ ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಅಂತರ ಸೊನ್ನೆ ಕೊಟ್ಟರೆ ಅಕ್ಕಪಕ್ಕದ ಅಳತೆಗಳು ಒಂದೇ ಗೆರೆಯಲ್ಲಿ ಬರುತ್ತವೆ. ಇಲ್ಲಿ ಕೊಡುವ ಅಂತರ ನಕ್ಷೆಯ ಅಳತೆಯಲ್ಲಿ ಇರಬೇಕೆಂಬುದು ನೆನಪಿರಲಿ. 1:50ಕ್ಕೆ 8 ಅಲ್ಲ, 400 ಕೊಡಬೇಕು. ಇನ್ನೊಂದು ಡಿಮ್‌ಬ್ರೇಕ್. ದಾಟುವುದು ಅನಿವಾರ್ಯವಾದ ಕಡೆ ಎಕ್ಸ್‌ಟೆನ್ಷನ್ ಗೆರೆಯಲ್ಲಿ ಸಣ್ಣ ಬಿಡುವು ಮಾಡಿಕೊಡುತ್ತದೆ. ಟರ್ನರ್ ಹಿರಿಯರ ಕೈಗೆ ಬಂದ ಆ ಹಾಳೆಯಲ್ಲಿ ಅಂಕಿಯನ್ನು ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದ್ದರೂ ಸಾಕಿತ್ತು.

ಅಳತೆಗಳಿಗೆ ಪ್ರತ್ಯೇಕ ಲೇಯರ್ ಇಡಿ. ಡೆಫ್‌ಪಾಯಿಂಟ್ಸ್ ಎಂಬ ಲೇಯರ್ ತಾನಾಗಿಯೇ ಹುಟ್ಟಿಕೊಳ್ಳುತ್ತದೆ; ಅದರ ಮೇಲೆ ಏನನ್ನೂ ಬರೆಯಬೇಡಿ, ಅದು ಪರದೆಯ ಮೇಲೆ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ.

ಅಂಕಿಯನ್ನು ತಿದ್ದುವ ಕೆಟ್ಟ ಚಾಳಿ

ಇನ್ನು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು. ಆಟೋಕ್ಯಾಡ್‌ನಲ್ಲಿ ಅಳತೆಯ ಅಂಕಿ ವಸ್ತುವಿನಿಂದಲೇ ಹುಟ್ಟುತ್ತದೆ. ಗೋಡೆಯನ್ನು ಸರಿಸಿದರೆ ಅಂಕಿಯೂ ಬದಲಾಗುತ್ತದೆ. ಆದರೆ ಆ ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೈಯಿಂದ ಬೇರೆ ಅಂಕಿ ಬರೆಯುವುದಕ್ಕೂ ಅವಕಾಶವಿದೆ. ಸಮಯ ಇಲ್ಲದಾಗ, ಗೋಡೆ ಸರಿಸುವ ತಾಪತ್ರಯ ಯಾಕೆ ಎಂದು, ಬರೀ ಅಂಕಿ ಬದಲಾಯಿಸಿ ಪ್ರಿಂಟ್ ಕೊಡುವವರಿದ್ದಾರೆ.

ಇದರ ಪರಿಣಾಮ ನೋಡಿ. ಶಿವಮೊಗ್ಗದಲ್ಲಿ 30×40 ಅಡಿಯ ನಿವೇಶನದಲ್ಲಿ ಒಂದು ಮನೆ. ಅಡ್ಡಕ್ಕೆ ಎರಡು ಕೋಣೆ, ಒಂದು 10 ಅಡಿ, ಇನ್ನೊಂದು 12 ಅಡಿ. 9 ಇಂಚಿನ ಗೋಡೆ ಮೂರು. 10 ಮತ್ತು 12 ಸೇರಿ 22, ಗೋಡೆಗಳು 27 ಇಂಚು, ಅಂದರೆ 2 ಅಡಿ 3 ಇಂಚು. ಒಟ್ಟು 24 ಅಡಿ 3 ಇಂಚು. ಮನೆಯವರು ಬಂದು ಮೊದಲ ಕೋಣೆ 11 ಅಡಿ ಇರಲಿ ಎನ್ನುತ್ತಾರೆ. ನಕ್ಷೆ ಬರೆಯುವವನು 10ನ್ನು ಅಳಿಸಿ 11 ಎಂದು ಬರೆಯುತ್ತಾನೆ. ಹೊರಗಿನ ಒಟ್ಟು ಅಳತೆ ಮಾತ್ರ 24 ಅಡಿ 3 ಇಂಚು ಎಂದೇ ಉಳಿಯುತ್ತದೆ. ಮೇಸ್ತ್ರಿ ಹೊರ ಅಳತೆ ಹಿಡಿದು ಪಾಯ ತೆಗೆಸುತ್ತಾರೆ. ಒಳಗೋಡೆ ಏಳುವಾಗ ಒಂದು ಅಡಿ ಎಲ್ಲಿ ಹೋಯಿತೆಂದು ಹುಡುಕಾಟ. ಜೀವಮಾನದ ಉಳಿತಾಯ ಹಾಕಿ, ಸಾಲ ಮಾಡಿ ಕಟ್ಟಿಸುವ ಮನೆಯಲ್ಲಿ ಒಂದು ಅಡಿ ಸಣ್ಣ ವಿಷಯವೇ?

ಆದ್ದರಿಂದ ಅಂಕಿ ಬದಲಾಗಬೇಕಿದ್ದರೆ ವಸ್ತುವನ್ನೇ ಬದಲಾಯಿಸಿ. ಯಾರೋ ಬರೆದ ಫೈಲು ನಿಮ್ಮ ಕೈಗೆ ಬಂದರೆ ಪ್ರಾಪರ್ಟೀಸ್ ಪಟ್ಟಿಯಲ್ಲಿ ಟೆಕ್ಸ್ಟ್ ಓವರ್‌ರೈಡ್ ಎಂಬ ಜಾಗ ನೋಡಿ. ಅಲ್ಲಿ ಏನಾದರೂ ಬರೆದಿದ್ದರೆ ಅಳಿಸಿ, ನಿಜವಾದ ಅಂಕಿ ಹೊರಗೆ ಬರುತ್ತದೆ. ಹಾಗೆಯೇ ಅಳತೆಗಳನ್ನು ಎಕ್ಸ್‌ಪ್ಲೋಡ್ ಮಾಡಬೇಡಿ. ಮಾಡಿದರೆ ಅದು ಬರೀ ಗೆರೆ, ಬಾಣ, ಅಕ್ಷರಗಳಾಗಿ ಒಡೆದುಹೋಗುತ್ತದೆ. ವಸ್ತುವಿನ ಜೊತೆಗಿನ ನಂಟು ಕಡಿದುಹೋಗುತ್ತದೆ.

ಇನ್ನೊಂದು ಮಾತು. ಸರ್ಕಾರಿ ಕಡತಕ್ಕೆ ಮೀಟರ್ ಬೇಕು, ಮೇಸ್ತ್ರಿಗೆ ಅಡಿ ಇಂಚು ಬೇಕು. ಎರಡನ್ನೂ ಕಲಸಿ ಒಂದು ಕಡೆ ಮೀಟರ್, ಇನ್ನೊಂದು ಕಡೆ ಅಡಿ ಹಾಕಬೇಡಿ. ಆಲ್ಟರ್ನೇಟ್ ಯೂನಿಟ್ಸ್ ಸೌಲಭ್ಯದಿಂದ ಪ್ರತಿ ಅಳತೆಯ ಪಕ್ಕದಲ್ಲೇ ಇನ್ನೊಂದು ಮಾನದ ಅಂಕಿಯನ್ನು ಆವರಣದಲ್ಲಿ ತರಿಸಬಹುದು.

ಸರಪಳಿಯೋ, ಒಂದೇ ಬುಡವೋ?

ಅಚ್ಚುಕಟ್ಟು ಎಂದರೆ ನೋಡಲು ಚೆಂದ ಎಂದಷ್ಟೇ ಅರ್ಥವಲ್ಲ. ಯಾವ ಜಾಗದಿಂದ ಅಳತೆ ಕೊಡುತ್ತೇವೆ ಎಂಬುದರಲ್ಲಿ ಕೆಲಸದ ಗುಣಮಟ್ಟವೇ ಅಡಗಿದೆ. ಒಂದು ಉದಾಹರಣೆ. 200 ಮಿ.ಮೀ. ಉದ್ದದ ತಗಡಿನಲ್ಲಿ ಐದು ತೂತು. ಎಡ ಅಂಚಿನಿಂದ ಮೊದಲ ತೂತಿಗೆ 20, ಆಮೇಲೆ 40ರಂತೆ ನಾಲ್ಕು, ಕೊನೆಗೆ 20 ಉಳಿಯುತ್ತದೆ. ಪ್ರತಿ ಅಳತೆಗೂ 0.2 ಹೆಚ್ಚು ಕಡಿಮೆ ಆಗಲು ಅನುಮತಿ ಇದೆ ಎನ್ನೋಣ.

ಒಂದರ ತುದಿಯಿಂದ ಇನ್ನೊಂದನ್ನು ಸರಪಳಿಯಂತೆ ಕೊಟ್ಟರೆ ಐದನೆಯ ತೂತಿನ ಜಾಗ ಐದು ಅಳತೆಗಳನ್ನು ಅವಲಂಬಿಸುತ್ತದೆ. ಐದರಲ್ಲೂ 0.2 ತಪ್ಪಿದರೆ ಒಟ್ಟು 1 ಮಿ.ಮೀ. ಅತ್ತಿತ್ತ ಆಗಬಹುದು. ಎಲ್ಲವನ್ನೂ ಎಡ ಅಂಚಿನಿಂದಲೇ 20, 60, 100, 140, 180 ಎಂದು ಕೊಟ್ಟರೆ ಐದನೆಯ ತೂತು 0.2ಕ್ಕಿಂತ ಹೆಚ್ಚು ಸರಿಯುವಂತಿಲ್ಲ. ಹಾಗೆಂದು ಯಾವಾಗಲೂ ಎರಡನೆಯದೇ ಸರಿಯೆಂದಲ್ಲ. ಬೇಸ್‌ಲೈನ್ ಪದ್ಧತಿಯಲ್ಲಿ ಅಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರ 0.4 ವ್ಯತ್ಯಾಸವಾಗಬಹುದು, ಸರಪಳಿಯಲ್ಲಿ ಅದು 0.2 ಮಾತ್ರ. ಎರಡು ತೂತುಗಳ ನಡುವೆ ಒಂದು ಭಾಗ ಕೂರಬೇಕಿದ್ದರೆ ಸರಪಳಿ ಒಳ್ಳೆಯದು, ಎಲ್ಲ ತೂತುಗಳೂ ಅಂಚಿನಿಂದ ಹೊಂದಬೇಕಿದ್ದರೆ ಬೇಸ್‌ಲೈನ್ ಒಳ್ಳೆಯದು. ಅಳತೆ ಹಾಕುವ ಮೊದಲು ಈ ಭಾಗ ಯಾವುದರ ಜೊತೆ ಕೂರುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಸರಪಳಿ ಹಾಕಿದಾಗ ಒಟ್ಟು 200ನ್ನೂ ಕೊಟ್ಟು ಕೊನೆಯ 20ನ್ನೂ ಕೊಡಬೇಡಿ. ಒಂದನ್ನು ಬಿಡಿ, ಅಥವಾ ಕೇವಲ ತಿಳಿವಳಿಕೆಗೆ ಎಂದು ಆವರಣದಲ್ಲಿ ಹಾಕಿ. ತೂತಿನ ವ್ಯಾಸವನ್ನೂ ಐದು ಕಡೆ ಬರೆಯಬೇಕಿಲ್ಲ. ಐದು ತೂತು, ವ್ಯಾಸ 12 ಎಂದು ಒಂದು ಕಡೆ ಬರೆದರೆ ಹಾಳೆ ಹಗುರಾಗುತ್ತದೆ.

ಎರಕದ ಮನೆಯ ಲೆಕ್ಕ

ಫೌಂಡ್ರಿಗೆ ಹೋಗುವ ನಕ್ಷೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಬೀಡು ಕಬ್ಬಿಣ ಮೀಟರಿಗೆ ಸುಮಾರು 10 ಮಿ.ಮೀ., ಉಕ್ಕು ಸುಮಾರು 20 ಮಿ.ಮೀ. ಕುಗ್ಗುತ್ತದೆ. 500 ಮಿ.ಮೀ. ಎರಕ ಬೇಕಿದ್ದರೆ ಮರದ ಪ್ಯಾಟರ್ನ್ ಬೀಡಿಗೆ ಸುಮಾರು 505, ಉಕ್ಕಿಗೆ ಸುಮಾರು 510 ಇರಬೇಕು. ಲೇತ್‌ನಲ್ಲಿ ಕೆರೆಯುವ ಮೈಗೆ ಅದಕ್ಕೂ ಮೇಲೆ ಹೆಚ್ಚುವರಿ ದಪ್ಪ ಬಿಡಬೇಕು. ಪ್ಯಾಟರ್ನ್ ಮಾಡುವವರು ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೀರು ಹಾಕಿದ ವಿಶೇಷ ಅಳತೆಪಟ್ಟಿಯನ್ನು ಇಟ್ಟುಕೊಂಡಿರುತ್ತಾರೆ.

ಹಾಗಿದ್ದರೆ ನಕ್ಷೆಯಲ್ಲಿ ಬರೆದ 500 ಯಾವುದು? ಪ್ಯಾಟರ್ನಿನದೋ, ಎರಕದ್ದೋ, ಕೆರೆದು ಮುಗಿಸಿದ ಭಾಗದ್ದೋ? ಇದು ಸ್ಪಷ್ಟವಾಗಿಲ್ಲದಿದ್ದರೆ ಪ್ಯಾಟರ್ನ್ ಮಾಡುವವರು ಒಂದು ಸಲ ಸೇರಿಸುತ್ತಾರೆ, ನಕ್ಷೆಯವನು ಮೊದಲೇ ಇನ್ನೊಂದು ಸಲ ಸೇರಿಸಿರುತ್ತಾನೆ. ಭಾಗದ ನಕ್ಷೆಯಲ್ಲಿ ಮುಗಿಸಿದ ಅಳತೆ ಮಾತ್ರ ಇರಲಿ, ಕೆರೆಯುವ ಮೈಗಳಿಗೆ ಗುರುತು ಇರಲಿ. ಎರಕದ ನಕ್ಷೆ ಬೇಕಿದ್ದರೆ ಪ್ರತ್ಯೇಕ ಹಾಳೆ ಮಾಡಿ, ಹಾಳೆಯ ಹೆಸರಿನಲ್ಲೇ ಅದನ್ನು ಬರೆಯಿರಿ. ಕೆರೆಯುವ ಮೈಗಳ ಅಳತೆಗಳನ್ನು ಒಂದು ಬದಿಗೆ, ಎರಕದಲ್ಲೇ ಉಳಿಯುವ ಮೈಗಳ ಅಳತೆಗಳನ್ನು ಇನ್ನೊಂದು ಬದಿಗೆ ಹಾಕುವುದು ಒಳ್ಳೆಯ ರೂಢಿ. ಪ್ಯಾಟರ್ನ್ ಮಾಡುವವರೂ ಟರ್ನರೂ ತಮಗೆ ಬೇಕಾದ ಕಡೆ ಮಾತ್ರ ನೋಡಿದರೆ ಸಾಕಾಗುತ್ತದೆ.

ಹಾಳೆ ಹೊರಗೆ ಹೋಗುವ ಮುನ್ನ

ನಕ್ಷೆ ಮುಗಿದ ಮೇಲೆ ಐದು ನಿಮಿಷ ಕೊಡಿ. ಒಂದು ಪ್ರಿಂಟ್ ತೆಗೆದು, ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ಓದಿ. ಎ1 ಹಾಳೆಗೆ ಮಾಡಿದ ನಕ್ಷೆಯನ್ನು ಎ3ಯಲ್ಲಿ ಪ್ರಿಂಟ್ ತೆಗೆದರೆ ಎಲ್ಲವೂ ಅರ್ಧಕ್ಕೆ ಇಳಿಯುತ್ತದೆ, 2.5ರ ಅಂಕಿ 1.25 ಆಗುತ್ತದೆ. ಕೆಲಸದ ಜಾಗಕ್ಕೆ ಎ3 ಹೋಗುವುದೆಂದು ಗೊತ್ತಿದ್ದರೆ ಅಂಕಿಯನ್ನು ಮೊದಲೇ ದೊಡ್ಡದು ಮಾಡಿ. ಬಿಡಿ ಅಳತೆಗಳನ್ನು ಕೂಡಿಸಿ ಒಟ್ಟು ಅಳತೆಗೆ ತಾಳೆ ನೋಡಿ. ಯಾವ ಅಂಕಿಯ ಮೇಲಾದರೂ ಗೆರೆ ಹಾದಿದೆಯೇ ನೋಡಿ. ಬರೆದ ಅಳತೆಯನ್ನೇ ಅನುಸರಿಸಬೇಕು, ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು ಎಂಬ ಸೂಚನೆ ಬರೆಯಿರಿ. ಕೊನೆಯದಾಗಿ, ನಕ್ಷೆಯನ್ನು ನಿಮ್ಮ ಗೆಳೆಯನ ಕೈಗೆ ಕೊಟ್ಟು, ಬಾಯಿ ಬಿಡದೆ ಕುಳಿತು, ಅವನು ಏನು ಕೇಳುತ್ತಾನೆ ನೋಡಿ. ಅವನು ಕೇಳಿದ ಪ್ರತಿ ಪ್ರಶ್ನೆಯೂ ನಕ್ಷೆಯ ಒಂದೊಂದು ಕೊರತೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಭದ್ರಾವತಿಯಲ್ಲಿ ಹಿಂದೆ ತಂದೆ ಕಾರ್ಖಾನೆಯಲ್ಲಿದ್ದರೆ ಮಗನಿಗೂ ಅಲ್ಲೇ ದಾರಿ ಎಂಬ ನಂಬಿಕೆ ಇತ್ತು. ಆ ಕಾಲ ಹೋಯಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಇಡೀ ಊರು ತಳಮಳಿಸಿತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಸ್ವಲ್ಪ ಮಟ್ಟಿಗೆ ಕೆಲಸ ಮತ್ತೆ ಶುರುವಾಯಿತು. ಆದರೆ ಆ ಹಳೆಯ ಭರವಸೆ ಮರಳಿ ಬರಲಿಲ್ಲ. ಇನ್ನು ನಿಮ್ಮನ್ನು ಕಾಯುವುದು ಕಾರ್ಖಾನೆಯ ಗೇಟ್ ಪಾಸ್ ಅಲ್ಲ, ನಿಮ್ಮ ಕೈಯಲ್ಲಿರುವ ಕೆಲಸ. ಮಾಚೇನಹಳ್ಳಿಗೆ ಹೋದರೂ, ಬೆಂಗಳೂರಿನ ಪೀಣ್ಯಕ್ಕೆ ಹೋದರೂ, ಕೊಲ್ಲಿ ದೇಶಗಳಿಗೆ ಹೋದರೂ ನಕ್ಷೆಯ ಭಾಷೆ ಒಂದೇ. ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಿ ತಡವರಿಸಿದರೂ, ಅಚ್ಚುಕಟ್ಟಾದ ಒಂದು ಹಾಳೆ ನಿಮ್ಮ ಪರವಾಗಿ ಸ್ಪಷ್ಟವಾಗಿ ಮಾತಾಡುತ್ತದೆ. ಸಂದರ್ಶನದಲ್ಲಿ ಅನುಭವಿ ಎಂಜಿನಿಯರ್ ಒಬ್ಬರು ನಿಮ್ಮ ನಕ್ಷೆಯನ್ನು ಅರ್ಧ ನಿಮಿಷ ನೋಡಿದರೆ ಸಾಕು, ನೀವು ಕೆಲಸ ಕಲಿತಿದ್ದೀರೋ, ಬರೀ ಸರ್ಟಿಫಿಕೇಟ್ ಪಡೆದಿದ್ದೀರೋ ಗೊತ್ತಾಗಿಬಿಡುತ್ತದೆ.

ನಮ್ಮ ಹೆಣ್ಣುಮಕ್ಕಳಿಗೂ ಇದನ್ನು ವಿಶೇಷವಾಗಿ ಹೇಳುತ್ತೇನೆ. ಕ್ಯಾಡ್ ಕೆಲಸಕ್ಕೆ ಬೇಕಾಗಿರುವುದು ತೋಳಿನ ಬಲವಲ್ಲ. ಲೆಕ್ಕ, ತಾಳ್ಮೆ ಮತ್ತು ಗಮನ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅಭ್ಯಾಸ ಅಲ್ಲೇ ಆಗುತ್ತದೆ. ತಂತ್ರಾಂಶದ ಬಗ್ಗೆ ಚಿಂತೆ ಬೇಡ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಶಿಕ್ಷಣದ ಪರವಾನಗಿಯನ್ನು ಉಚಿತವಾಗಿ ಕೊಡುತ್ತದೆ. ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಎಲ್ಲರಿಗೂ ಉಚಿತ. ಕದ್ದ ಪ್ರತಿ ಹಾಕಿಕೊಳ್ಳುವ ಅಗತ್ಯವೇ ಇಲ್ಲ. ಮನೆಯ ಬಾಗಿಲ ಚೌಕಟ್ಟು, ಸೈಕಲ್ಲಿನ ಪೆಡಲ್, ಅಡುಗೆಮನೆಯ ಗ್ಯಾಸ್ ಸ್ಟವ್, ಯಾವುದನ್ನಾದರೂ ಟೇಪು ಹಿಡಿದು ಅಳೆದು ವಾರಕ್ಕೊಂದು ನಕ್ಷೆ ಬರೆಯಿರಿ.

ಪೋಷಕರಲ್ಲಿ ಮತ್ತು ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ನಕ್ಷೆ ಓದಿ ನಲವತ್ತು ವರ್ಷ ಕೆಲಸ ಮಾಡಿದವರಿದ್ದೀರಿ. ರಜಾ ದಿನಗಳಲ್ಲಿ ಒಂದೆರಡು ಗಂಟೆ ಈ ಮಕ್ಕಳ ನಕ್ಷೆಗಳನ್ನು ನೋಡಿ, ಎಲ್ಲಿ ಓದಲು ಕಷ್ಟವಾಯಿತೆಂದು ಹೇಳಿ. ತರಗತಿಯಲ್ಲಿ ಸಿಗದ ಪಾಠ ಅದು. ಮಕ್ಕಳೇ, ಹಿರಿಯರು ನಿಮ್ಮ ಹಾಳೆ ನೋಡಿ ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಪರದೆಯ ಮೇಲೆ ಸರಿಯಾಗಿದೆ ಎಂಬ ಉತ್ತರವನ್ನು ಕೊಡಬೇಡಿ. ಹಾಳೆಯನ್ನು ತೆಗೆದುಕೊಂಡು ಹೋಗಿ, ಗೆರೆಯನ್ನು ಸರಿಸಿ, ಮತ್ತೆ ತಂದು ತೋರಿಸಿ.